ಕೊನೆಯ ಸಂಬಳದ ಲೆಕ್ಕ: ಯಾವುದು ನಿಮ್ಮದು, ಯಾವುದಕ್ಕೆ ಕತ್ತರಿ?

ಕೆಲಸ ಬಿಡುವ ದಿನ ಎಲ್ಲವೂ ಬೇಗಬೇಗ ಮುಗಿಯುತ್ತದೆ. ಮಧ್ಯಾಹ್ನ ಲ್ಯಾಪ್‌ಟಾಪ್ ಒಪ್ಪಿಸಿ ಸಹಿ ಹಾಕಿದ್ದಾಯಿತು, ನಾಲ್ಕು ಗಂಟೆಗೆ ಕೇಕ್ ಕತ್ತರಿಸಿದ್ದಾಯಿತು, ಗೇಟಿನ ಬಳಿ ಐಡಿ ಕಾರ್ಡ್ ಕೊಟ್ಟಿದ್ದಾಯಿತು. ಪೀಣ್ಯದ ಕಾರ್ಖಾನೆಯಲ್ಲಾದರೆ ಕೇಕ್ ಇರುವುದಿಲ್ಲ. ಟೈಮ್ ಆಫೀಸಿನಲ್ಲಿ ಯೂನಿಫಾರ್ಮ್, ಬೂಟು, ಕ್ಯಾಂಟೀನ್ ಕಾರ್ಡ್ ಒಪ್ಪಿಸಿ, ಒಂದು ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು. ಮುಗಿಯದೆ ಉಳಿಯುವುದು ದುಡ್ಡಿನ ಲೆಕ್ಕ ಒಂದೇ. ‘ಸೆಟಲ್‌ಮೆಂಟ್ ಪ್ರೋಸೆಸ್‌ನಲ್ಲಿದೆ, ನಲವತ್ತೈದು ದಿನ ಆಗುತ್ತೆ’ ಎನ್ನುತ್ತಾರೆ ಎಚ್‌ಆರ್‌ನವರು.

ಎರಡು ತಿಂಗಳ ನಂತರ ಬ್ಯಾಂಕಿನಿಂದ ಸಂದೇಶ ಬರುತ್ತದೆ. ಬರಬೇಕೆಂದುಕೊಂಡದ್ದಕ್ಕಿಂತ ಮೊತ್ತ ಕಡಿಮೆ. ಎಲ್ಲಿ ಕಡಿಮೆಯಾಯಿತು, ಯಾಕೆ ಕಡಿಮೆಯಾಯಿತು ಎಂದು ಕೇಳಲು ಹೊತ್ತಿಲ್ಲ. ಹೊಸ ಕೆಲಸ ಆಗಲೇ ಶುರುವಾಗಿದೆ. ಜತೆಗೆ ರಿಲೀವಿಂಗ್ ಲೆಟರ್ ಕೈಗೆ ಬಂದರೆ ಸಾಕಪ್ಪಾ ಎನ್ನುವ ಅಂಜಿಕೆ. ಹೀಗೆ ಎಷ್ಟೋ ಜನ ತಮ್ಮದೇ ದುಡ್ಡನ್ನು ಕೇಳದೆ ಬಿಟ್ಟುಬಿಡುತ್ತಾರೆ.

‘ಫುಲ್ ಅಂಡ್ ಫೈನಲ್’ ಎಂದು ಕಚೇರಿಗಳಲ್ಲಿ ಕರೆಯುವ ಈ ಕೊನೆಯ ಲೆಕ್ಕದಲ್ಲಿ ಯಾರ ಔದಾರ್ಯವೂ ಇಲ್ಲ. ದುಡಿದಾಗಿದೆ, ಸಂಪಾದಿಸಿಯೂ ಆಗಿದೆ, ಕೈಗೆ ಬರುವುದಷ್ಟೇ ಬಾಕಿ. ಅದರಲ್ಲಿ ಒಂದು ರೂಪಾಯಿ ಮುರಿದುಕೊಳ್ಳಬೇಕಾದರೂ ಕಾನೂನಿನಲ್ಲೋ, ನೇಮಕಾತಿ ಪತ್ರದಲ್ಲೋ, ನಾವು ಪಡೆದ ಸಾಲದಲ್ಲೋ ಆಧಾರ ಇರಬೇಕು. ಆ ಆಧಾರ ಯಾವುದು ಎಂದು ಸಾಲುಸಾಲಾಗಿ ಕೇಳುವ ಹಕ್ಕು ದುಡಿದವರದು. ಕೇಳಬೇಕಾದರೆ ಲೆಕ್ಕ ಗೊತ್ತಿರಬೇಕು.

ಬರುವುದೇನು, ಹೋಗುವುದೇನು

ಬರಬೇಕಾದ ಬಾಬ್ತುಗಳಲ್ಲಿ ಮೊದಲನೆಯದು, ಕೊನೆಯ ತಿಂಗಳು ಕೆಲಸ ಮಾಡಿದಷ್ಟು ದಿನಗಳ ಸಂಬಳ. ಎರಡನೆಯದು, ಬಳಸದೆ ಉಳಿದ ಗಳಿಕೆ ರಜೆಯ ದುಡ್ಡು. ಮೂರನೆಯದು, ಅರ್ಹತೆ ಇದ್ದರೆ ಗ್ರಾಚ್ಯುಟಿ. ಇವುಗಳ ಜತೆಗೆ ಬಾಕಿ ಓವರ್‌ಟೈಮ್, ಕೈಯಿಂದ ಖರ್ಚು ಮಾಡಿದ ಪ್ರಯಾಣದ ಬಿಲ್ಲು, ಮಾರಾಟ ವಿಭಾಗದವರಿಗೆ ಇನ್ಸೆಂಟಿವ್.

ಬೋನಸ್ಸನ್ನು ಹೆಚ್ಚಿನವರು ಮರೆಯುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಆ ವರ್ಷ ಕನಿಷ್ಠ 30 ದಿನ ಕೆಲಸ ಮಾಡಿದ್ದರೆ ಕಾನೂನುಬದ್ಧ ಬೋನಸ್ಸಿಗೆ ಅರ್ಹರು. ಅದರ ಕನಿಷ್ಠ ದರ ಶೇ 8.33. ಲೆಕ್ಕಪತ್ರದ ವರ್ಷ ಮುಗಿದು ಎಂಟು ತಿಂಗಳೊಳಗೆ ಕೊಡಬೇಕಾದ ಹಣ ಇದು. ಹಾಗಾಗಿ ಕೆಲಸ ಬಿಟ್ಟ ಮೇಲೆ ಬೋನಸ್ ಹಂಚಿಕೆಯಾದರೂ ದುಡಿದ ಅವಧಿಯ ಪಾಲು ಬರಬೇಕು.

ಹೋಗುವ ಬಾಬ್ತುಗಳಲ್ಲಿ ಪಿಎಫ್, ಅನ್ವಯವಾದರೆ ಇಎಸ್‌ಐ, ವೃತ್ತಿ ತೆರಿಗೆ ಮತ್ತು ಆದಾಯ ತೆರಿಗೆ ಕಾನೂನಿನ ಬಲದಿಂದ ಮುರಿಯುವಂಥವು. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಪಡೆಯುವವರಿಗೆ ವೃತ್ತಿ ತೆರಿಗೆ 200 ರೂಪಾಯಿ. 2025ರಿಂದ ಫೆಬ್ರುವರಿಯಲ್ಲಿ ಮಾತ್ರ 300. ಉಳಿದವು ಸಂಬಳದ ಅಡ್ವಾನ್ಸ್, ಕಂಪನಿ ಕೊಟ್ಟ ಸಾಲ, ನೋಟಿಸ್ ಅವಧಿ ಪೂರೈಸದ ದಿನಗಳ ಹಣ, ವಾಪಸಾಗದ ವಸ್ತುಗಳ ಬೆಲೆ. ಜಗಳ ಹುಟ್ಟುವುದು ಹೆಚ್ಚಾಗಿ ಈ ಕೊನೆಯ ಗುಂಪಿನಲ್ಲಿ.

ಒಂದು ಲೆಕ್ಕ ಬಿಡಿಸೋಣ

ಒಬ್ಬ ಉದ್ಯೋಗಿಯ ತಿಂಗಳ ಸಂಬಳ 60,000 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಬೇಸಿಕ್ 30,000, ಮನೆ ಬಾಡಿಗೆ ಭತ್ಯೆ 15,000, ಪ್ರಯಾಣ ಮತ್ತು ಕೆಲಸಕ್ಕೆ ಸಂಬಂಧಿಸಿದ ಖರ್ಚಿನ ಭತ್ಯೆ 15,000. ಆರು ವರ್ಷ ಏಳು ತಿಂಗಳು ದುಡಿದು ಜೂನ್ 18ಕ್ಕೆ ಕೆಲಸ ಬಿಟ್ಟಿದ್ದಾರೆ. ಉಳಿದ ಗಳಿಕೆ ರಜೆ 14 ದಿನ. ನೋಟಿಸ್ ಅವಧಿ 60 ದಿನ, ಪೂರೈಸಿದ್ದು 40 ದಿನ.

ಜೂನ್ ತಿಂಗಳ 18 ದಿನದ ಸಂಬಳ 36,000 ರೂಪಾಯಿ. ರಜೆಯ ದುಡ್ಡನ್ನು ಅನೇಕ ಕಂಪನಿಗಳು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕುತ್ತವೆ. ಆಗ ದಿನಕ್ಕೆ 1,000ದಂತೆ 14,000. ಒಟ್ಟು 50,000. ಇದರಲ್ಲಿ ಪಿಎಫ್ ಶೇ 12ರಂತೆ 2,160, ವೃತ್ತಿ ತೆರಿಗೆ 200 ಹೋಗುತ್ತದೆ. ನೋಟಿಸಿನಲ್ಲಿ ಬಾಕಿ ಉಳಿದ 20 ದಿನಕ್ಕೆ ಕಂಪನಿ ಪೂರ್ಣ ಸಂಬಳದ ಲೆಕ್ಕ ಹಿಡಿದರೆ ದಿನಕ್ಕೆ 2,000ದಂತೆ 40,000. ಕೈಗೆ ಉಳಿಯುವುದು 7,640 ರೂಪಾಯಿ.

ಈ ಲೆಕ್ಕದಲ್ಲಿ ಒಂದು ದಿನಕ್ಕೆ ಎರಡು ಬೆಲೆ ಕಟ್ಟಲಾಗಿದೆ. ಕಂಪನಿ ನಮಗೆ ಕೊಡುವಾಗ ದಿನದ ಬೆಲೆ 1,000. ನಮ್ಮಿಂದ ಪಡೆಯುವಾಗ 2,000. ನೇಮಕಾತಿ ಪತ್ರದಲ್ಲಿ ನೋಟಿಸ್ ಬದಲಿಗೆ ಕೊಡಬೇಕಾದ್ದು ಬೇಸಿಕ್ ಎಂದಿದ್ದರೆ ಕಡಿತ 40,000 ಅಲ್ಲ, 20,000 ಮಾತ್ರ. ಆ ಒಂದು ಪದದಿಂದ ಕೈಗೆ ಬರುವ ಮೊತ್ತ 27,640ಕ್ಕೆ ಏರುತ್ತದೆ.

ಇನ್ನೊಂದು ದಾರಿಯೂ ಉಂಟು. ಉಳಿದ 14 ರಜೆಯನ್ನು ನೋಟಿಸ್ ದಿನಗಳಿಗೆ ಹೊಂದಿಸಿಕೊಳ್ಳಲು ಕಂಪನಿ ಒಪ್ಪಿದರೆ ಬಾಕಿ ಉಳಿಯುವುದು ಆರೇ ದಿನ, ಕಡಿತ 12,000. ರಜೆಯ ದುಡ್ಡು ಬರುವುದಿಲ್ಲ. ಆದರೂ ಕೈಗೆ 21,640 ಬರುತ್ತದೆ. ಮೊದಲಿನ ಲೆಕ್ಕಕ್ಕಿಂತ 14,000 ಹೆಚ್ಚು. ಹೀಗೆ ಹೊಂದಿಸಿಕೊಳ್ಳಲು ಅವಕಾಶ ಇದೆಯೇ ಎಂದು ರಾಜೀನಾಮೆ ಕೊಡುವ ಮೊದಲೇ ನಿಯಮಾವಳಿಯಲ್ಲಿ ನೋಡಿಕೊಳ್ಳಬೇಕು.

ಈ ಲೆಕ್ಕಕ್ಕೆ ಗ್ರಾಚ್ಯುಟಿಯನ್ನು ಸೇರಿಸಿಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು, ಯಾಕೆಂದರೆ ಅದಕ್ಕಿರುವ ರಕ್ಷಣೆಯೇ ಬೇರೆ.

26 ಎಂಬ ಸಂಖ್ಯೆಯ ಮಹತ್ವ

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಸತತ ಐದು ವರ್ಷ ದುಡಿದವರಿಗೆ ಗ್ರಾಚ್ಯುಟಿ ಕಾನೂನಿನ ಹಕ್ಕು. 1972ರ ಕಾಯ್ದೆಯಿಂದ ಬಂದ ಈ ಹಕ್ಕು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಭಾಗ. ಪ್ರತಿ ವರ್ಷದ ದುಡಿಮೆಗೆ 15 ದಿನಗಳ ವೇತನ ಎಂಬುದು ಸೂತ್ರ. ಕೊನೆಯಲ್ಲಿ ಪಡೆಯುತ್ತಿದ್ದ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದನ್ನು ಪೂರ್ಣ ವರ್ಷವೆಂದೇ ಹಿಡಿಯಬೇಕು.

ತಿಂಗಳಿಗೆ 30 ದಿನ ಇರುವಾಗ 26ರಿಂದ ಭಾಗಿಸುವುದೇಕೆ? ವಾರದ ರಜೆಗಳನ್ನು ಕಳೆದರೆ ತಿಂಗಳ ಸಂಬಳ ಬರುವುದು ಸುಮಾರು 26 ದಿನಗಳ ದುಡಿಮೆಗೆ. ಹಾಗಾಗಿ ಒಂದು ದಿನದ ದುಡಿಮೆಯ ಬೆಲೆ ತಿಂಗಳ ಸಂಬಳದ 26ನೇ ಒಂದು ಭಾಗ. ದಿಗ್ವಿಜಯ್ ವೂಲನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಈ ಲೆಕ್ಕವನ್ನು ಎತ್ತಿಹಿಡಿಯಿತು. ಆಮೇಲೆ ಕಾಯ್ದೆಯಲ್ಲೇ ಅದು ಸೇರಿತು.

ನಮ್ಮ ಉದಾಹರಣೆಯ ಉದ್ಯೋಗಿಗೆ ಆರು ವರ್ಷ ಏಳು ತಿಂಗಳು ಏಳು ವರ್ಷವಾಗುತ್ತದೆ. ಗ್ರಾಚ್ಯುಟಿ 1,21,154 ರೂಪಾಯಿ. ಯಾರಾದರೂ 30ರಿಂದ ಭಾಗಿಸಿದರೆ ಅದು 1,05,000ಕ್ಕೆ ಇಳಿಯುತ್ತದೆ. ಏಳು ತಿಂಗಳನ್ನೂ ಬಿಟ್ಟು ಆರೇ ವರ್ಷ ಹಿಡಿದರೆ 90,000. ಎರಡು ಸಣ್ಣ ತಪ್ಪುಗಳಿಗೆ 31,154 ರೂಪಾಯಿ ನಷ್ಟ.

‘ವೇತನ’ ಎಂದು ಯಾವುದನ್ನು ಹಿಡಿಯಬೇಕು ಎಂಬುದರಲ್ಲೂ ಬದಲಾವಣೆ ಆಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳ ಪ್ರಕಾರ, ಮನೆ ಬಾಡಿಗೆ, ಪ್ರಯಾಣದಂಥ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದಷ್ಟನ್ನೂ ವೇತನಕ್ಕೆ ಸೇರಿಸಬೇಕು. ಬೇಸಿಕ್ಕನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಉಬ್ಬಿಸಿದರೆ ಗ್ರಾಚ್ಯುಟಿ ಉಳಿಸಬಹುದು ಎನ್ನುತ್ತಿದ್ದ ಹಳೆಯ ಲೆಕ್ಕಾಚಾರಕ್ಕೆ ಇದು ತಡೆ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷದ ಷರತ್ತೂ ಇಲ್ಲ. ಒಂದು ವರ್ಷ ದುಡಿದರೆ ಅದಕ್ಕೆ ತಕ್ಕ ಗ್ರಾಚ್ಯುಟಿ ಸಿಗಬೇಕು.

ನೋಟಿಸ್ ಅವಧಿಯ ಕಡಿತ

ಉದ್ಯೋಗಿ ಎಷ್ಟು ದಿನದ ನೋಟಿಸ್ ಕೊಡಬೇಕು ಎಂಬುದನ್ನು ಖಾಸಗಿ ಕಂಪನಿಗಳಲ್ಲಿ ಸಾಮಾನ್ಯವಾಗಿ ನೇಮಕಾತಿ ಪತ್ರ ಹೇಳುತ್ತದೆ. ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ ಮಾತು ಅದು. ಉದ್ಯೋಗಿ ಅರ್ಧಕ್ಕೆ ಬಿಟ್ಟುಹೋದರೆ ಕಂಪನಿ ಬದಲಿ ಹಣ ಕೇಳುತ್ತದೆ. ಕಂಪನಿಯೇ ತಕ್ಷಣ ಹೊರಡಲು ಹೇಳಿದರೆ ಉದ್ಯೋಗಿಗೆ ಆ ಹಣ ಬರಬೇಕು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದನ್ನು ಒಪ್ಪಂದದ ಮರ್ಜಿಗೆ ಬಿಟ್ಟಿಲ್ಲ. ಆರು ತಿಂಗಳು ಸತತ ಸೇವೆ ಮಾಡಿದವರನ್ನು ಸೂಕ್ತ ಕಾರಣವಿಲ್ಲದೆ ತೆಗೆಯುವಂತಿಲ್ಲ. ತೆಗೆಯುವಾಗಲೂ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು.

ರಾಜೀನಾಮೆ ಪತ್ರ ಸ್ವೀಕರಿಸಿದ ಕಂಪನಿಯೇ ‘ನೀವು ಮುಂದಿನ ವಾರವೇ ಹೋಗಬಹುದು’ ಎಂದು ಹೇಳಿ, ಆಮೇಲೆ ಉಳಿದ ದಿನಗಳ ಹಣ ಮುರಿದುಕೊಂಡರೆ ಅದು ಪ್ರಶ್ನಿಸಬೇಕಾದ ಕಡಿತ. ಹಾಗಾಗಿ ಬೇಗ ಬಿಡುಗಡೆ ಮಾಡುವ ಮಾತು ಬಾಯಲ್ಲಿ ಆದರೂ, ‘ಉಳಿದ ದಿನಗಳ ಹಣ ಮುರಿಯುವುದಿಲ್ಲ’ ಎಂಬ ಒಂದು ಸಾಲನ್ನು ಇ-ಮೇಲ್‌ನಲ್ಲಿ ಪಡೆಯಬೇಕು.

ಈ ನೋಟಿಸ್ ಹಣದ ಮೇಲೆ ಕೆಲವು ಕಡೆ ಜಿಎಸ್‌ಟಿ ಸೇರಿಸಿ ಕೇಳುತ್ತಿದ್ದುದುಂಟು. ಇದು ಜಿಎಸ್‌ಟಿ ಬೀಳುವ ಸೇವೆಯಲ್ಲ ಎಂದು ಕೇಂದ್ರ ಸರ್ಕಾರ 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

ಮುರಿದ ಪರದೆ, ತರಬೇತಿ ಖರ್ಚು, ಬಾಂಡ್

ಲ್ಯಾಪ್‌ಟಾಪ್‌ನ ಪರದೆ ಒಡೆದಿದೆ ಎಂದು 25,000 ರೂಪಾಯಿ ಮುರಿಯಬಹುದೇ? 2019ರ ವೇತನ ಸಂಹಿತೆ ಇದಕ್ಕೆ ಷರತ್ತುಗಳನ್ನು ಹಾಕಿದೆ. ವಸ್ತುವನ್ನು ಉದ್ಯೋಗಿಯ ವಶಕ್ಕೆ ಒಪ್ಪಿಸಿರಬೇಕು. ಹಾನಿ ಆತನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಮುರಿಯುವ ಹಣ ಆದ ನಷ್ಟವನ್ನು ಮೀರಬಾರದು. ಮುರಿಯುವ ಮೊದಲು ಉದ್ಯೋಗಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ನಾಲ್ಕು ವರ್ಷ ಬಳಸಿದ ಲ್ಯಾಪ್‌ಟಾಪಿಗೆ ಹೊಸದರ ಬೆಲೆ ಕೇಳಿದರೆ ‘ಇದು ನಿಜವಾಗಿ ಆದ ನಷ್ಟವೇ?’ ಎಂದು ಕೇಳಬಹುದು. ಒಂದು ಸಂಬಳದ ಅವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧ ಮೀರಬಾರದು ಎಂಬ ಮಿತಿಯೂ ಇದೇ ಸಂಹಿತೆಯಲ್ಲಿದೆ. ಇಡೀ ತಿಂಗಳ ಸಂಬಳವನ್ನೇ ನುಂಗಿದ ಕಡಿತ ಕಂಡಾಗ ಈ ಮಿತಿಯನ್ನು ನೆನಪಿಸಬೇಕು.

ಬಾಂಡ್ ವಿಷಯದಲ್ಲಿ ಕರ್ನಾಟಕದ್ದೇ ಒಂದು ಪ್ರಕರಣವಿದೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ, ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು. ಬಾಂಡ್ ಪ್ರಕಾರ 2 ಲಕ್ಷ ರೂಪಾಯಿ ಕಟ್ಟಿ, ಆಮೇಲೆ ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಬಾಂಡ್ ಸರಿ ಎಂದಿತು. ಸಾರ್ವಜನಿಕ ಬ್ಯಾಂಕು ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಮತ್ತೆ ನೇಮಕ ಮಾಡಿಕೊಳ್ಳಬೇಕಾದ ಖರ್ಚು ಮತ್ತು ಆ ಅಧಿಕಾರಿಯ ಹುದ್ದೆ, ಸಂಬಳ ಎರಡನ್ನೂ ನೋಡಿ ಆ ಮೊತ್ತ ಅತಿಯಲ್ಲ ಎಂದು ಕೋರ್ಟ್ ಹೇಳಿತು.

ಈ ತೀರ್ಪು ಎಲ್ಲ ಬಾಂಡುಗಳಿಗೂ ಕೊಟ್ಟ ಪರವಾನಗಿಯಲ್ಲ. ಒಪ್ಪಂದದಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಸಿಗುವುದು ನ್ಯಾಯಸಮ್ಮತ ಪರಿಹಾರ ಮಾತ್ರ ಎಂದು 1872ರ ಒಪ್ಪಂದ ಕಾಯ್ದೆ ಹೇಳುತ್ತದೆ. ಕಾಲೇಜು ಮುಗಿಸಿ ಬಂದ ಹುಡುಗರಿಗೆ ವಾರದ ತರಬೇತಿ ಕೊಟ್ಟು ಲಕ್ಷಗಟ್ಟಲೆ ಕೇಳುವ ಸಂಸ್ಥೆ, ಆ ತರಬೇತಿಗೆ ನಿಜವಾಗಿ ತಗುಲಿದ ಖರ್ಚನ್ನು ತೋರಿಸಬೇಕಾಗುತ್ತದೆ.

ಯಾರೂ ಮುಟ್ಟಬಾರದ ದುಡ್ಡು

ಪಿಎಫ್ ಮತ್ತು ಗ್ರಾಚ್ಯುಟಿಗೆ ಕಾನೂನು ವಿಶೇಷ ಕಾವಲು ಇಟ್ಟಿದೆ. ಪಿಎಫ್ ಖಾತೆಯ ಹಣವನ್ನು ಸಾಲಗಾರರೂ ಜಪ್ತಿ ಮಾಡಿಸುವಂತಿಲ್ಲ. ಕಂಪನಿ ತನ್ನ ಬಾಕಿಗೆ ಅದನ್ನು ಹಿಡಿಯುವ ಪ್ರಶ್ನೆಯೇ ಇಲ್ಲ. ಗ್ರಾಚ್ಯುಟಿಯನ್ನು ತಡೆಯಬಹುದಾದ ಸಂದರ್ಭಗಳು ಕೆಲವೇ: ಉದ್ಯೋಗಿಯ ನಿರ್ಲಕ್ಷ್ಯ ಅಥವಾ ಉದ್ದೇಶಪೂರ್ವಕ ಕೃತ್ಯದಿಂದ ಸಂಸ್ಥೆಗೆ ನಷ್ಟವಾಗಿ ಕೆಲಸದಿಂದ ತೆಗೆದಿದ್ದರೆ ಆ ನಷ್ಟದಷ್ಟು; ಹಿಂಸಾಚಾರ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ತೆಗೆದಿದ್ದರೆ ಭಾಗಶಃ ಅಥವಾ ಪೂರ್ತಿ. ತಾವಾಗಿ ರಾಜೀನಾಮೆ ಕೊಟ್ಟವರ ನೋಟಿಸ್ ಬಾಕಿ ಈ ಪಟ್ಟಿಯಲ್ಲಿ ಇಲ್ಲ.

ಕೆಲಸ ಬಿಟ್ಟವರಿಗೆ ಪಿಎಫ್ ಏನೆಂಬುದನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇಡೀ ದೇಶಕ್ಕೆ ತಿಳಿಸಿಕೊಟ್ಟರು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ಹಿಂಪಡೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ 2016ರ ಫೆಬ್ರುವರಿಯಲ್ಲಿ ತಂದಿತು. ಅದೇ ವರ್ಷ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣ ಮಗಳ ಮದುವೆಗೋ, ಸಾಲ ತೀರಿಸಲೋ, ಊರಲ್ಲಿ ಮನೆಗೆ ತಳಪಾಯ ಹಾಕಲೋ ಎಂದು ಎತ್ತಿಟ್ಟದ್ದು. ಏಪ್ರಿಲ್ 19ರಂದೇ ಸರ್ಕಾರ ನಿಯಮವನ್ನು ವಾಪಸ್ ಪಡೆಯಿತು.

ಈಗಿನ ವಿಚಾರಕ್ಕೆ ಬಂದರೆ, ಕೆಲಸ ಹೋದ ಕೂಡಲೇ ಶೇ 75ರಷ್ಟು, ಉಳಿದದ್ದನ್ನು 12 ತಿಂಗಳ ನಿರುದ್ಯೋಗದ ನಂತರ ಪಡೆಯುವ ವ್ಯವಸ್ಥೆಗೆ ಇಪಿಎಫ್‌ಒ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಅದಕ್ಕೂ ಮೊದಲು ಎರಡು ತಿಂಗಳ ನಿರುದ್ಯೋಗದ ನಂತರ ಪೂರ್ತಿ ಹಣ ಸಿಗುತ್ತಿತ್ತು. ಬೇರೆ ಕೆಲಸಕ್ಕೆ ಸೇರುವವರು ಹಣ ತೆಗೆಯುವ ಬದಲು ಹೊಸ ಖಾತೆಗೆ ವರ್ಗಾಯಿಸುವುದು ಲೇಸು. ಪಿಂಚಣಿಗೆ ಬೇಕಾದ ಸೇವಾ ವರ್ಷಗಳು ಕಡಿಯುವುದಿಲ್ಲ. ಹಳೆಯ ಕಂಪನಿ ‘ಕೆಲಸ ಬಿಟ್ಟ ದಿನಾಂಕ’ ದಾಖಲಿಸದೆ ಸತಾಯಿಸಿದರೆ, ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಸದಸ್ಯರೇ ಪೋರ್ಟಲ್‌ನಲ್ಲಿ ಅದನ್ನು ನಮೂದಿಸಬಹುದು.

ತೆರಿಗೆಯ ಪಾಲು

ಕೊನೆಯ ತಿಂಗಳಲ್ಲಿ ಕಂಪನಿ ಇಡೀ ವರ್ಷದ ತೆರಿಗೆಯನ್ನು ಸರಿದೂಗಿಸುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು ಬಾಡಿಗೆ, ವಿಮೆ, ಉಳಿತಾಯದ ದಾಖಲೆ ಕೊಡದಿದ್ದರೆ ಕೊನೆಯ ಸಂಬಳದಲ್ಲಿ ದೊಡ್ಡ ಕಡಿತ ಕಾಣುತ್ತದೆ. ಆ ಹಣ ಕೈತಪ್ಪಿ ಹೋಗುವುದಿಲ್ಲ. ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು.

ಖಾಸಗಿ ನೌಕರರಿಗೆ ಕೆಲಸ ಬಿಡುವಾಗ ಬರುವ ರಜೆಯ ದುಡ್ಡಿಗೆ ಜೀವಮಾನದಲ್ಲಿ 25 ಲಕ್ಷದವರೆಗೆ, ಗ್ರಾಚ್ಯುಟಿಗೆ 20 ಲಕ್ಷದವರೆಗೆ ಷರತ್ತುಗಳೊಂದಿಗೆ ತೆರಿಗೆ ವಿನಾಯಿತಿ ಇದೆ. ರಜೆಯ ಮಿತಿ 2023ರವರೆಗೆ ಕೇವಲ 3 ಲಕ್ಷ ಇತ್ತು. ಈ ಎರಡು ಬಾಬ್ತುಗಳನ್ನು ಕಂಪನಿ ಸಾಮಾನ್ಯ ಸಂಬಳವೆಂದು ತೆರಿಗೆಗೆ ಸೇರಿಸಿದೆಯೇ ಎಂದು ನೋಡಿಕೊಳ್ಳಬೇಕು. ವರ್ಷದ ಮಧ್ಯೆ ಕೆಲಸ ಬದಲಿಸಿದವರು ಹಳೆಯ ಸಂಬಳದ ವಿವರವನ್ನು ಹೊಸ ಕಂಪನಿಗೆ ತಿಳಿಸಬೇಕು. ಇಲ್ಲವಾದರೆ ಎರಡೂ ಕಡೆ ವಿನಾಯಿತಿ ಸಿಕ್ಕಿ, ರಿಟರ್ನ್ಸ್ ಸಲ್ಲಿಸುವಾಗ ಬಾಕಿ ತೆರಿಗೆಯನ್ನು ಒಟ್ಟಿಗೆ ಕಟ್ಟಬೇಕಾಗುತ್ತದೆ.

ಎಷ್ಟು ದಿನ ಕಾಯಬೇಕು?

ನಲವತ್ತೈದು ದಿನ ಎಂಬುದು ಕಚೇರಿಗಳ ರೂಢಿ. ಕಾನೂನು ಹೇಳುವುದು ಬೇರೆ. ಕೆಲಸದಿಂದ ತೆಗೆದಿರಲಿ, ತಾವಾಗಿ ರಾಜೀನಾಮೆ ಕೊಟ್ಟಿರಲಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತದೆ ವೇತನ ಸಂಹಿತೆ. 1936ರ ಹಳೆಯ ಕಾಯ್ದೆಯಲ್ಲಿ ಈ ಗಡುವು ಮಾಲೀಕರು ತೆಗೆದುಹಾಕಿದವರಿಗೆ ಮಾತ್ರ ಇತ್ತು, ಅದೂ ಸಂಬಳದ ಮಿತಿಯೊಳಗಿನವರಿಗೆ. ಈಗ ರಾಜೀನಾಮೆ ಕೊಟ್ಟವರೂ, ಮ್ಯಾನೇಜರ್ ಹುದ್ದೆಯಲ್ಲಿರುವವರೂ ಇದರ ವ್ಯಾಪ್ತಿಗೆ ಬಂದಿದ್ದಾರೆ. ಗ್ರಾಚ್ಯುಟಿಗೆ 30 ದಿನಗಳ ಗಡುವು. ತಡವಾದರೆ ಸರಳ ಬಡ್ಡಿ ಸೇರಿಸಿ ಕೊಡಬೇಕು.

ಕೊಡದಿದ್ದರೆ

ಮೊದಲು ಬರವಣಿಗೆಯಲ್ಲಿ ಕೇಳಬೇಕು. ಯಾವ ಕಡಿತ, ಎಷ್ಟು ದಿನಕ್ಕೆ, ಯಾವ ದರದಲ್ಲಿ, ಯಾವ ನಿಯಮದಂತೆ ಎಂಬ ವಿವರ ಕೋರಿ ಇ-ಮೇಲ್ ಕಳಿಸಬೇಕು. ಲೆಕ್ಕ ಕೈಸೇರುವ ಮೊದಲೇ ‘ನನಗೆ ಯಾವ ಬಾಕಿಯೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬಾರದು. ಹಾಕಲೇಬೇಕಾದ ಒತ್ತಡ ಬಂದರೆ ‘ಲೆಕ್ಕ ಪರಿಶೀಲನೆಗೆ ಒಳಪಟ್ಟು’ ಎಂದು ಸಹಿಯ ಪಕ್ಕ ಬರೆಯಬಹುದು. ಕಂಪನಿಯ ಇ-ಮೇಲ್ ಬಂದ್ ಆಗುವ ಮೊದಲು ನೇಮಕಾತಿ ಪತ್ರ, ಸಂಬಳದ ಚೀಟಿಗಳು, ರಜೆಯ ಬಾಕಿ ತೋರಿಸುವ ಪುಟ, ವಸ್ತು ಒಪ್ಪಿಸಿದ ರಸೀದಿ ಇಷ್ಟನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು.

ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬಹುದು. ಬೆಂಗಳೂರಿನಲ್ಲಿ ಅದರ ಕೇಂದ್ರ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿಗಳ ಕಚೇರಿಗಳಿವೆ. ವೇತನ ಸಂಹಿತೆಯಡಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಬಾಕಿಯ ಜತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ವಿಚಾರಣಾ ಪ್ರಾಧಿಕಾರಕ್ಕಿದೆ. ದುಡ್ಡು ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆಯನ್ನು ಕಾನೂನು ಮಾಲೀಕರ ಮೇಲೆ ಹಾಕಿದೆ.

ಲೆಕ್ಕ ಕೇಳಿದರೆ ಸಂಬಂಧ ಕೆಡುತ್ತದೆ ಎಂದು ಹಿಂಜರಿಯುವವರು ಬಹಳ. ನೇರವಾಗಿ ನಡೆಯುವ ಸಂಸ್ಥೆಗೆ ಸಾಲುಸಾಲಿನ ವಿವರ ಕೊಡುವುದು ಕಷ್ಟವಲ್ಲ. ಕೊಡಲಾಗದ ಸಂಸ್ಥೆಯಲ್ಲಿ ಲೆಕ್ಕ ಕೇಳುವ ಅಗತ್ಯ ಇನ್ನೂ ಹೆಚ್ಚು. ಇವತ್ತು ಒಬ್ಬರು ನೋಟಿಸ್ ಕಡಿತ ಯಾವ ದರದಲ್ಲಿ ಎಂದು ಕೇಳಿ ಉತ್ತರ ಪಡೆದರೆ, ಮುಂದಿನ ತಿಂಗಳು ಅದೇ ಕಚೇರಿ ಬಿಡುವವರ ಲೆಕ್ಕವೂ ಅದೇ ದರದಲ್ಲಿ ಆಗಬೇಕಾಗುತ್ತದೆ. ಕೆಲಸ ಬಿಡುವ ಯೋಚನೆ ಇರಲಿ, ಇಲ್ಲದಿರಲಿ, ನೇಮಕಾತಿ ಪತ್ರವನ್ನು ಈ ಭಾನುವಾರ ಹೊರತೆಗೆದು ಮೂರು ಸಾಲು ಹುಡುಕಿ: ನೋಟಿಸ್ ಎಷ್ಟು ದಿನ, ಅದರ ಬದಲಿ ಹಣ ಬೇಸಿಕ್ ಮೇಲೋ ಪೂರ್ಣ ಸಂಬಳದ ಮೇಲೋ, ಉಳಿದ ರಜೆಗೆ ಏನು ಬೆಲೆ. ರಾಜೀನಾಮೆ ಬರೆಯುವ ದಿನ ಚೌಕಾಸಿ ಮಾಡಲು ಬೇಕಾದ ಬಲ ಈ ಮೂರು ಉತ್ತರಗಳಲ್ಲಿದೆ.